ವಿಕಿ ಪುಟದೊಳಗೊಂದು ಡೇಟಾಬೇಸ್ ಕಿಟಕಿ

ವಿಕಿ ಎಂದೊಡನೆ ನಮಗೆ ನೆನಪಾಗುವುದು ವಿಕಿಪೀಡಿಯ. ಆದರೆ ವಿಕಿ ಎಂಬುದು ಒಂದು ವಿಶ್ವಕೋಶದ ಹೆಸರಷ್ಟೇ ಅಲ್ಲ. ಹಲವರು ಸೇರಿ ಬರೆಯಬಹುದಾದ, ಓದಿದವರೇ ತಿದ್ದಬಹುದಾದ ಪುಟಗಳ ವ್ಯವಸ್ಥೆಗೆ ಆ ಹೆಸರು. ಇಂಥ ಮೊದಲ ತಾಣವನ್ನು ಅಮೆರಿಕದ ತಂತ್ರಾಂಶ ತಜ್ಞ ವಾರ್ಡ್ ಕನ್ನಿಂಗ್‌ಹ್ಯಾಮ್ 1995ರ ಮಾರ್ಚ್ 25ರಂದು ಅಂತರಜಾಲಕ್ಕೆ ತಂದರು. ಹವಾಯಿ ಭಾಷೆಯಲ್ಲಿ ‘ವಿಕಿ’ ಎಂದರೆ ಬೇಗ, ಚುರುಕು. ಹೊನೊಲುಲು ವಿಮಾನ ನಿಲ್ದಾಣದಲ್ಲಿ ಓಡಾಡುತ್ತಿದ್ದ ಬಸ್ಸಿಗೆ ಆ ಹೆಸರಿತ್ತು. ಕನ್ನಿಂಗ್‌ಹ್ಯಾಮ್ ಅದನ್ನೇ ತಮ್ಮ ತಾಣಕ್ಕೆ ಇಟ್ಟರು. ಇಂದು ಪ್ರಯೋಗಾಲಯ, ಕಾಲೇಜು, ಕಚೇರಿಗಳಲ್ಲಿ ಅನೇಕ ತಂಡಗಳು ತಮ್ಮದೇ ವಿಕಿಗಳನ್ನು ಇಟ್ಟುಕೊಂಡಿವೆ. ಯಾವ ಕೆಲಸವನ್ನು ಹೇಗೆ ಮಾಡಬೇಕು, ಯಾರು ಏನನ್ನು ನೋಡಿಕೊಳ್ಳುತ್ತಾರೆ, ಕಳೆದ ಸಭೆಯಲ್ಲಿ ಏನು ತೀರ್ಮಾನವಾಯಿತು ಎಂಬುದೆಲ್ಲ ಅಲ್ಲಿ ಸಿಗುತ್ತದೆ.

ಇಂಥ ವಿಕಿಗಳಲ್ಲಿ ಒಂದು ತೊಂದರೆ ಪದೇ ಪದೇ ಕಾಣಿಸಿಕೊಳ್ಳುತ್ತದೆ. ವಿವರಣೆಗಳು ವಿಕಿಯಲ್ಲಿರುತ್ತವೆ; ಅಂಕಿ ಅಂಶಗಳು ಮಾತ್ರ ಬೇರೆಡೆ, ದತ್ತಸಂಚಯದಲ್ಲಿ, ಅಂದರೆ ಡೇಟಾಬೇಸ್‌ನಲ್ಲಿ ಇರುತ್ತವೆ. ಯಾರೋ ಒಬ್ಬರು ಡೇಟಾಬೇಸ್‌ನಿಂದ ಕೋಷ್ಟಕವೊಂದನ್ನು ನಕಲು ಮಾಡಿ ವಿಕಿ ಪುಟಕ್ಕೆ ಅಂಟಿಸುತ್ತಾರೆ. ಆ ಕ್ಷಣದಿಂದಲೇ ಕೋಷ್ಟಕ ಹಳತಾಗತೊಡಗುತ್ತದೆ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಿ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡಗಳ ಕಡೆ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದು ನಿಮಗೆ ತಿಳಿದೇ ಇದೆ. ಭಾರತೀಯ ಮಾನಕ ಸಂಸ್ಥೆಯ 2012ರ ಕುಡಿಯುವ ನೀರಿನ ಮಾನಕದಂತೆ ಒಂದು ಲೀಟರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರಿನ ಮೂಲವೇ ಇಲ್ಲದಿದ್ದಲ್ಲಿ 1.5 ಮಿಲಿಗ್ರಾಂವರೆಗೆ ಒಪ್ಪಬಹುದು. ನೀರಿನ ಮಾದರಿಗಳನ್ನು ಪರೀಕ್ಷಿಸುವ ತಂಡವೊಂದು ಫಲಿತಾಂಶಗಳನ್ನೆಲ್ಲ ಡೇಟಾಬೇಸ್‌ಗೆ ಸೇರಿಸುತ್ತದೆ ಎಂದಿಟ್ಟುಕೊಳ್ಳಿ. ಸೋಮವಾರ ಒಬ್ಬರು ‘ಮಿತಿ ಮೀರಿದ ಬಾವಿಗಳು’ ಎಂಬ ಪಟ್ಟಿಯನ್ನು ನಕಲು ಮಾಡಿ ತಂಡದ ವಿಕಿಯಲ್ಲಿ ಹಾಕುತ್ತಾರೆ. ಬುಧವಾರ ಇನ್ನೊಂದು ಬಾವಿಯ ಫಲಿತಾಂಶ ಬರುತ್ತದೆ: 2.1 ಮಿಲಿಗ್ರಾಂ. ಅದು ಡೇಟಾಬೇಸ್ ಸೇರುತ್ತದೆ, ವಿಕಿ ಪುಟವನ್ನು ಸೇರುವುದಿಲ್ಲ. ಗುರುವಾರ ಹಳ್ಳಿಗೆ ಹೊರಟವರು ನೋಡುವುದು ವಿಕಿ ಪುಟವನ್ನೇ. ಪಟ್ಟಿಯಲ್ಲಿ ಹೆಸರಿಲ್ಲದ ಬಾವಿಯನ್ನು ಅವರು ಸರಿಯಾದ ಬಾವಿ ಎಂದೇ ಭಾವಿಸುತ್ತಾರೆ. ಆ ನೀರನ್ನು ಜನ ಕುಡಿಯುತ್ತಲೇ ಇರುತ್ತಾರೆ.

ಇದಕ್ಕೆ ಪರಿಹಾರ ಸರಳ. ಪುಟದಲ್ಲಿ ಉತ್ತರವನ್ನು ಅಂಟಿಸುವ ಬದಲು ಪ್ರಶ್ನೆಯನ್ನು ಬರೆದಿಡಬೇಕು. ಪುಟ ತೆರೆದಾಗ ಅಥವಾ ನಿಗದಿಯಾದ ಹೊತ್ತಿಗೆ ಆ ಪ್ರಶ್ನೆ ತಾನಾಗಿ ಡೇಟಾಬೇಸ್‌ಗೆ ಹೋಗಿ, ಹೊಸ ಉತ್ತರವನ್ನು ತಂದು ಪುಟದಲ್ಲಿ ತೋರಿಸಬೇಕು. ಇದು ಹೇಗೆ ನಡೆಯುತ್ತದೆ, ಎಲ್ಲಿ ಎಚ್ಚರ ಬೇಕು ಎಂಬುದನ್ನು ನೋಡೋಣ.

ಪ್ರಶ್ನೆ ಕೇಳುವ ಭಾಷೆ

ಡೇಟಾಬೇಸ್‌ಗೆ ಕೇಳುವ ಪ್ರಶ್ನೆಗೆ ಕ್ವೆರಿ ಎಂದು ಹೆಸರು. ಐಬಿಎಂ ಸಂಸ್ಥೆಯಲ್ಲಿದ್ದ ಗಣಿತಜ್ಞ ಎಡ್ಗರ್ ಕಾಡ್ 1970ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಮಾಹಿತಿಯನ್ನೆಲ್ಲ ಅಡ್ಡಸಾಲು ಮತ್ತು ಕಂಬಸಾಲುಗಳ ಕೋಷ್ಟಕಗಳಾಗಿ ಜೋಡಿಸಬಹುದು ಎಂಬ ವಿಚಾರವನ್ನು ಮುಂದಿಟ್ಟರು. ಮಾಹಿತಿ ಡಿಸ್ಕಿನ ಯಾವ ಮೂಲೆಯಲ್ಲಿದೆ ಎಂಬ ಚಿಂತೆ ಬಳಕೆದಾರನಿಗೆ ಬೇಡ. ಏನು ಬೇಕು ಎಂದಷ್ಟೇ ಹೇಳಿದರೆ ಸಾಕು, ಹುಡುಕುವ ಕೆಲಸ ಗಣಕದ್ದು ಎಂಬುದು ಅದರ ತಿರುಳು. ಅದೇ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ 1974ರಲ್ಲಿ ಇದಕ್ಕೊಂದು ಭಾಷೆಯನ್ನು ರೂಪಿಸಿದರು. ಮೊದಲು ಅದರ ಹೆಸರು ಸೀಕ್ವೆಲ್. ಆ ಹೆಸರು ಬೇರೊಂದು ಕಂಪನಿಯ ವ್ಯಾಪಾರಮುದ್ರೆಯಾಗಿದ್ದುದರಿಂದ ಎಸ್‌ಕ್ಯೂಎಲ್ ಎಂದಾಯಿತು. 1986ರಲ್ಲಿ ಅಮೆರಿಕದ ಮಾನಕ ಸಂಸ್ಥೆ ಅದನ್ನು ಮಾನಕವಾಗಿ ಅಂಗೀಕರಿಸಿತು. ಇಂದಿಗೂ ಬಹುಪಾಲು ಡೇಟಾಬೇಸ್‌ಗಳ ಭಾಷೆ ಅದೇ.

ನಮ್ಮ ನೀರಿನ ತಂಡದ ಪ್ರಶ್ನೆ ಎಸ್‌ಕ್ಯೂಎಲ್‌ನಲ್ಲಿ ಹೀಗಿರುತ್ತದೆ:

ಸೆಲೆಕ್ಟ್ ಊರು, ಬಾವಿ, ಫ್ಲೋರೈಡ್
ಫ್ರಂ ಫಲಿತಾಂಶಗಳು
ವೇರ್ ಫ್ಲೋರೈಡ್ > 1.5
ಆರ್ಡರ್ ಬೈ ಫ್ಲೋರೈಡ್ ಡೆಸ್ಕ್

‘ಸೆಲೆಕ್ಟ್’ ಎಂಬಲ್ಲಿ ಯಾವ ಕಂಬಸಾಲುಗಳು ಬೇಕು ಎಂದು ಹೇಳಿದ್ದೇವೆ. ‘ಫ್ರಂ’ ಎಂಬಲ್ಲಿ ಯಾವ ಕೋಷ್ಟಕದಿಂದ, ‘ವೇರ್’ ಎಂಬಲ್ಲಿ ಯಾವ ಷರತ್ತಿಗೆ ಒಳಪಟ್ಟು ಎಂದು ತಿಳಿಸಿದ್ದೇವೆ. ಕೊನೆಯ ಸಾಲು ಹೆಚ್ಚಿನ ಮೌಲ್ಯದಿಂದ ಕಡಿಮೆ ಮೌಲ್ಯದ ಕಡೆಗೆ ಜೋಡಿಸುವಂತೆ ಹೇಳುತ್ತದೆ. ಎಲ್ಲೂ ‘ಹೀಗೆ ಹುಡುಕು’ ಎಂದು ಹೇಳಿಲ್ಲ ಎಂಬುದನ್ನು ಗಮನಿಸಿ. ನಾಲ್ಕು ಸಾಲುಗಳ ಈ ಪ್ರಶ್ನೆ ಇಂದು ಕೇಳಿದರೆ ಇಂದಿನ ಪಟ್ಟಿಯನ್ನೂ ಮುಂದಿನ ತಿಂಗಳು ಕೇಳಿದರೆ ಅಂದಿನ ಪಟ್ಟಿಯನ್ನೂ ಕೊಡುತ್ತದೆ. ಪಟ್ಟಿ ಹಳತಾಗುತ್ತದೆ, ಪ್ರಶ್ನೆ ಹಾಗೆ ಹಳತಾಗುವುದಿಲ್ಲ.

ಉತ್ತರ ಪುಟಕ್ಕೆ ಬರುವ ಮೂರು ದಾರಿಗಳು

ವಿಕಿಪೀಡಿಯ ನಡೆಯುವುದು ಮೀಡಿಯಾವಿಕಿ ಎಂಬ ಮುಕ್ತ ತಂತ್ರಾಂಶದ ಮೇಲೆ. ಇದನ್ನು ಯಾರು ಬೇಕಾದರೂ ತಮ್ಮ ತಂಡಕ್ಕಾಗಿ ಅಳವಡಿಸಿಕೊಳ್ಳಬಹುದು. ಸ್ವತಃ ಮೀಡಿಯಾವಿಕಿಯ ಪುಟಗಳೇ ಒಂದು ಡೇಟಾಬೇಸ್‌ನಲ್ಲಿ ಕುಳಿತಿರುತ್ತವೆ. ಆದರೆ ಪುಟದ ಬರಹವನ್ನು ಅದು ಬರಿಯ ಪಠ್ಯವೆಂದೇ ಕಾಣುತ್ತದೆ, ಪಠ್ಯದೊಳಗಿನ 2.1 ಎಂಬುದು ಫ್ಲೋರೈಡ್‌ನ ಪ್ರಮಾಣ ಎಂದು ಅದಕ್ಕೆ ತಿಳಿಯದು. ಈ ಕೊರತೆಯನ್ನು ತುಂಬಲು ಅನೇಕ ವಿಸ್ತರಣಾ ತಂತ್ರಾಂಶಗಳಿವೆ. 2005ರಲ್ಲಿ ಹೊರಬಂದ ಸೆಮ್ಯಾಂಟಿಕ್ ಮೀಡಿಯಾವಿಕಿ, ಅನಂತರ ಬಂದ ಕಾರ್ಗೋ ಇವು ವಿಕಿ ಪುಟಗಳಲ್ಲಿಯೇ ಮಾಹಿತಿಯನ್ನು ಕ್ರಮಬದ್ಧವಾಗಿ ಗುರುತಿಸಿ, ಅದನ್ನು ಪ್ರಶ್ನಿಸಲು ನೆರವಾಗುತ್ತವೆ. ಎಕ್ಸ್‌ಟರ್ನಲ್ ಡೇಟಾ ಎಂಬುದು ವಿಕಿಯ ಹೊರಗಿರುವ ಡೇಟಾಬೇಸ್‌ನಿಂದ ಮಾಹಿತಿ ತರುತ್ತದೆ. ಬೇರೆ ವಿಕಿ ತಂತ್ರಾಂಶಗಳಲ್ಲಿಯೂ ಇಂಥ ಸೌಲಭ್ಯಗಳಿವೆ. ಸಾಧನ ಯಾವುದಿದ್ದರೂ ದಾರಿಗಳು ಮುಖ್ಯವಾಗಿ ಮೂರು.

ಮೊದಲನೆಯದು ನೇರ ದಾರಿ. ನೀವು ಪುಟ ತೆರೆದ ಪ್ರತಿ ಸಲವೂ ಸರ್ವರ್ ಆ ಪುಟದೊಳಗಿನ ಪ್ರಶ್ನೆಯನ್ನು ಡೇಟಾಬೇಸ್‌ಗೆ ಕಳುಹಿಸಿ, ಬಂದ ಸಾಲುಗಳನ್ನು ಕೋಷ್ಟಕವಾಗಿ ಮಾರ್ಪಡಿಸಿ, ನಿಮ್ಮ ಬ್ರೌಸರ್‌ಗೆ ರವಾನಿಸುತ್ತದೆ. ಉತ್ತರ ಸದಾ ತಾಜಾ. ಆದರೆ ಪುಟ ತೆರೆಯಲು ತಡವಾಗಬಹುದು.

ಎರಡನೆಯದರಲ್ಲಿ ಒಮ್ಮೆ ಬಂದ ಉತ್ತರವನ್ನು ಸರ್ವರ್ ಸ್ವಲ್ಪ ಕಾಲ ಎತ್ತಿಟ್ಟುಕೊಳ್ಳುತ್ತದೆ. ಹೀಗೆ ಎತ್ತಿಟ್ಟ ಪ್ರತಿಗೆ ಕ್ಯಾಶ್ ಎನ್ನುತ್ತಾರೆ. ಆ ಅವಧಿಯಲ್ಲಿ ಬಂದವರಿಗೆಲ್ಲ ಅದೇ ಪ್ರತಿ ಸಿಗುತ್ತದೆ. ಇಲ್ಲೊಂದು ಸೂಕ್ಷ್ಮ ಇದೆ. ಮೀಡಿಯಾವಿಕಿ ತಾನು ಸಿದ್ಧಪಡಿಸಿದ ಪುಟವನ್ನು ಹೀಗೆ ಎತ್ತಿಡುತ್ತದೆ. ಬೇರೆ ಏನೂ ಹೇಳದಿದ್ದರೆ ಅದರ ಅವಧಿ 86,400 ಸೆಕೆಂಡು, ಅಂದರೆ ಒಂದು ಪೂರ್ತಿ ದಿನ. ನೇರ ಉತ್ತರ ಕಾಣುತ್ತಿದ್ದೇವೆ ಎಂದು ತಂಡ ನಂಬಿರುವಾಗ ವಾಸ್ತವದಲ್ಲಿ ನಿನ್ನೆಯ ಉತ್ತರ ಕಾಣುತ್ತಿರುವ ಸಾಧ್ಯತೆ ಉಂಟು. ಈ ಅವಧಿ ಎಷ್ಟು ಎಂಬುದನ್ನು ವ್ಯವಸ್ಥೆ ನೋಡಿಕೊಳ್ಳುವವರಿಂದ ಮೊದಲೇ ಕೇಳಿ ತಿಳಿದುಕೊಳ್ಳಬೇಕು.

ಮೂರನೆಯದು ಬಾಟ್ ದಾರಿ. ಬಾಟ್ ಎಂದರೆ ಮನುಷ್ಯರ ಬದಲು ಪುಟಗಳನ್ನು ತಿದ್ದುವ ಪುಟ್ಟ ಪ್ರೋಗ್ರಾಂ. ಅದು ನಿಗದಿತ ವೇಳೆಗೆ ಪ್ರಶ್ನೆಯನ್ನು ಓದಿ, ಉತ್ತರ ಪಡೆದು, ಹಳೆಯ ಕೋಷ್ಟಕವನ್ನು ಅಳಿಸಿ ಹೊಸದನ್ನು ಪುಟದಲ್ಲಿ ಬರೆಯುತ್ತದೆ. ಇದರಲ್ಲಿ ಒಂದು ವಿಶೇಷ ಲಾಭವಿದೆ. ಪುಟದ ಪ್ರತಿಯೊಂದು ಬದಲಾವಣೆಯನ್ನೂ ವಿಕಿ ನೆನಪಿಟ್ಟುಕೊಳ್ಳುತ್ತದೆ. ನೇರ ದಾರಿಯಲ್ಲಿ ಪುಟದ ಇತಿಹಾಸದಲ್ಲಿ ಉಳಿಯುವುದು ಪ್ರಶ್ನೆ ಮಾತ್ರ. ಮಾರ್ಚ್ ಒಂದರಂದು ಪಟ್ಟಿಯಲ್ಲಿ ಯಾವ ಬಾವಿಗಳಿದ್ದವು ಎಂದು ಜೂನ್‌ನಲ್ಲಿ ಕೇಳಿದರೆ ಪುಟದಿಂದ ಉತ್ತರ ಸಿಗದು. ಬಾಟ್ ದಾರಿಯಲ್ಲಿ ಅಂದಿನ ಕೋಷ್ಟಕವೇ ಇತಿಹಾಸದಲ್ಲಿರುತ್ತದೆ. ಎರಡು ದಿನಾಂಕಗಳ ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಬಹುದು. ಮುಂದೆ ಲೆಕ್ಕ ಕೊಡಬೇಕಾದ ಕೆಲಸಗಳಿಗೆ ಇದು ಬಹಳ ಉಪಯುಕ್ತ.

ಕೆಂಪು ಕೊಂಡಿಗಳ ತಂಡ

ಬಾಟ್ ದಾರಿಯ ಅತ್ಯುತ್ತಮ ನಿದರ್ಶನ ಸಿಗುವುದು ಇಂಗ್ಲಿಷ್ ವಿಕಿಪೀಡಿಯದಲ್ಲಿ. ಅಲ್ಲಿನ ಜೀವನಚರಿತ್ರೆ ಲೇಖನಗಳಲ್ಲಿ ಮಹಿಳೆಯರ ಕುರಿತವು 2014ರ ಕೊನೆಯ ಹೊತ್ತಿಗೆ ಸುಮಾರು ಶೇಕಡ 15 ಮಾತ್ರ ಇದ್ದವು. ಈ ಅಸಮತೋಲನವನ್ನು ಸರಿಪಡಿಸಲು 2015ರಲ್ಲಿ ಸ್ವಯಂಸೇವಕರ ತಂಡವೊಂದು ಹುಟ್ಟಿತು. ಹೆಸರು ‘ವಿಮೆನ್ ಇನ್ ರೆಡ್’, ಅಂದರೆ ಕೆಂಪಿನಲ್ಲಿರುವ ಮಹಿಳೆಯರು. ವಿಕಿಪೀಡಿಯದಲ್ಲಿ ಇನ್ನೂ ಬರೆಯದ ಲೇಖನಕ್ಕೆ ಕೊಂಡಿ ಕೊಟ್ಟರೆ ಅದು ಕೆಂಪು ಬಣ್ಣದಲ್ಲಿ ಕಾಣುತ್ತದೆ. ಲೇಖನ ಬಂದೊಡನೆ ನೀಲಿಯಾಗುತ್ತದೆ. ಕೆಂಪನ್ನು ನೀಲಿ ಮಾಡುವುದೇ ಈ ತಂಡದ ಕೆಲಸ.

ಆದರೆ ಬರೆಯಬೇಕಾದವರ ಹೆಸರುಗಳನ್ನು ಹುಡುಕುವುದು ಹೇಗೆ? ಇಲ್ಲಿ ನೆರವಿಗೆ ಬಂದದ್ದು ವಿಕಿಡೇಟಾ. 2012ರ ಅಕ್ಟೋಬರ್ 29ರಂದು ಆರಂಭವಾದ ಇದು ಎಲ್ಲ ಭಾಷೆಗಳ ವಿಕಿಪೀಡಿಯಗಳಿಗೂ ಸಾಮಾನ್ಯವಾದ ಒಂದು ಮುಕ್ತ ಡೇಟಾಬೇಸ್. ಇಂದು ಇದರಲ್ಲಿ ಹತ್ತು ಕೋಟಿಗೂ ಹೆಚ್ಚು ಐಟಂಗಳಿವೆ. ಪ್ರತಿಯೊಂದಕ್ಕೂ ಒಂದು ಸಂಖ್ಯೆ. ಉದಾಹರಣೆಗೆ ‘ಮನುಷ್ಯ’ ಎಂಬ ಕಲ್ಪನೆಯ ಗುರುತು ಕ್ಯೂ5. ವ್ಯಕ್ತಿಯ ಐಟಂನಲ್ಲಿ ಲಿಂಗ, ಹುಟ್ಟಿದ ಊರು, ವೃತ್ತಿ ಮುಂತಾದವು ಪ್ರತ್ಯೇಕವಾಗಿ ದಾಖಲಾಗಿರುತ್ತವೆ. 2015ರಲ್ಲಿ ವಿಕಿಡೇಟಾವನ್ನು ಸ್ಪಾರ್ಕಲ್ ಎಂಬ ಭಾಷೆಯಲ್ಲಿ ಪ್ರಶ್ನಿಸುವ ಸೇವೆ ಸಾರ್ವಜನಿಕರಿಗೆ ದೊರೆಯಿತು. ಎಸ್‌ಕ್ಯೂಎಲ್ ಕೋಷ್ಟಕಗಳನ್ನು ಪ್ರಶ್ನಿಸಿದರೆ ಸ್ಪಾರ್ಕಲ್ ‘ಇವರ ವೃತ್ತಿ ಇದು’ ಎಂಬಂಥ ಸಣ್ಣ ಸಣ್ಣ ಹೇಳಿಕೆಗಳ ಜಾಲವನ್ನು ಪ್ರಶ್ನಿಸುತ್ತದೆ.

ಡೇಟಾಬೇಸ್ ಮತ್ತು ವಿಕಿ ಪುಟದ ನಡುವಿನ ಸೇತುವೆ ‘ಲಿಸ್ಟೇರಿಯಾ’ ಎಂಬ ಬಾಟ್. ಇದನ್ನು ಬರೆದವರು ಜರ್ಮನಿಯ ಜೀವರಸಾಯನ ವಿಜ್ಞಾನಿ ಮಾಗ್ನುಸ್ ಮಾನ್ಸ್ಕೆ. 2002ರಲ್ಲಿ ವಿಕಿಪೀಡಿಯ ಯಾವ ಹೊಸ ತಂತ್ರಾಂಶಕ್ಕೆ ಬದಲಾಯಿತೋ ಅದನ್ನು ಬರೆದವರೂ ಇವರೇ. ಲಿಸ್ಟೇರಿಯಾ ಬಳಸುವ ಕ್ರಮ ಹೀಗಿದೆ: ಪುಟದಲ್ಲಿ ಒಂದು ಆರಂಭದ ಗುರುತು ಮತ್ತು ಒಂದು ಮುಕ್ತಾಯದ ಗುರುತು ಇಡುತ್ತಾರೆ. ಆರಂಭದ ಗುರುತಿನೊಳಗೆ ಸ್ಪಾರ್ಕಲ್ ಪ್ರಶ್ನೆಯನ್ನೂ ಬೇಕಾದ ಕಂಬಸಾಲುಗಳನ್ನೂ ಬರೆಯುತ್ತಾರೆ. ಬಾಟ್ ಬಂದಾಗಲೆಲ್ಲ ಎರಡು ಗುರುತುಗಳ ನಡುವಿನ ಜಾಗವನ್ನು ಹೊಸ ಪಟ್ಟಿಯಿಂದ ತುಂಬುತ್ತದೆ. ಆ ನಡುವಿನ ಜಾಗದಲ್ಲಿ ಯಾರಾದರೂ ಕೈಯಿಂದ ತಿದ್ದಿದರೆ ಮುಂದಿನ ಸಲ ಅದು ಅಳಿಸಿಹೋಗುತ್ತದೆ. ತಪ್ಪು ಕಂಡರೆ ತಿದ್ದಬೇಕಾದದ್ದು ಪಟ್ಟಿಯನ್ನಲ್ಲ, ಮೂಲ ಡೇಟಾಬೇಸನ್ನು. ಈ ಶಿಸ್ತೇ ವ್ಯವಸ್ಥೆಯ ಬಲ. ಒಂದು ಸಲ ಮೂಲದಲ್ಲಿ ತಿದ್ದಿದರೆ ಅದನ್ನು ಬಳಸುವ ಎಲ್ಲ ಪಟ್ಟಿಗಳೂ ಸರಿಹೋಗುತ್ತವೆ.

ವಿಮೆನ್ ಇನ್ ರೆಡ್ ತಂಡದ ಪುಟಗಳಲ್ಲಿ ವೃತ್ತಿವಾರು, ದೇಶವಾರು ಇಂಥ ನೂರಾರು ಪಟ್ಟಿಗಳಿವೆ. ‘ಐಟಂ ಇದೆ, ಇಂಗ್ಲಿಷ್ ಲೇಖನ ಇಲ್ಲ’ ಎಂಬುದೇ ಷರತ್ತು. ಆದ್ದರಿಂದ ಒಬ್ಬರು ಲೇಖನ ಬರೆದು ಅದನ್ನು ವಿಕಿಡೇಟಾಕ್ಕೆ ಜೋಡಿಸಿದರೆ ಮುಂದಿನ ಸುತ್ತಿನಲ್ಲಿ ಆ ಹೆಸರು ಪಟ್ಟಿಯಿಂದ ತಾನಾಗಿ ಹೊರಬೀಳುತ್ತದೆ. ಬೇರೆಯವರು ಅದೇ ಕೆಲಸಕ್ಕೆ ಕೈ ಹಾಕಿ ಶ್ರಮ ವ್ಯರ್ಥ ಮಾಡುವುದು ತಪ್ಪುತ್ತದೆ. ಇಂದು ಮಹಿಳೆಯರ ಲೇಖನಗಳ ಪಾಲು ಶೇಕಡ 20ರ ಆಸುಪಾಸಿಗೆ ಬಂದಿದೆ. ಇದು ಲೇಖಕರ ದುಡಿಮೆಯ ಫಲ. ಎಲ್ಲಿ ದುಡಿಯಬೇಕು ಎಂದು ತೋರಿಸುವ ಕೆಲಸವನ್ನು ಈ ಪಟ್ಟಿಗಳು ಮಾಡುತ್ತಿವೆ.

ಕನ್ನಡದಲ್ಲಿಯೂ ಇದು ಸಾಧ್ಯ. ಪ್ರಶ್ನೆಯಲ್ಲಿ ಇಂಗ್ಲಿಷ್ ವಿಕಿಪೀಡಿಯದ ಬದಲು ಕನ್ನಡ ವಿಕಿಪೀಡಿಯ ಎಂದು ಬದಲಾಯಿಸಿದರೆ ‘ಕರ್ನಾಟಕದಲ್ಲಿ ಹುಟ್ಟಿದ, ಕನ್ನಡದಲ್ಲಿ ಲೇಖನವಿಲ್ಲದ ಮಹಿಳಾ ವಿಜ್ಞಾನಿಗಳು’ ಎಂಬ ಪಟ್ಟಿ ಸಿದ್ಧವಾಗುತ್ತದೆ. ಐಟಂಗೆ ಕನ್ನಡ ಹೆಸರು ದಾಖಲಾಗಿದ್ದರೆ ಪಟ್ಟಿಯಲ್ಲಿಯೂ ಕನ್ನಡದ ಹೆಸರೇ ಬರುತ್ತದೆ. ದಾಖಲಾಗಿಲ್ಲದಿದ್ದರೆ ಬೇರೆ ಭಾಷೆಯ ಹೆಸರೋ ಬರಿಯ ಸಂಖ್ಯೆಯೋ ಕಾಣಿಸಿಕೊಳ್ಳುತ್ತದೆ. ವಿಕಿಡೇಟಾದಲ್ಲಿ ಕನ್ನಡ ಹೆಸರುಗಳನ್ನು ತುಂಬುವುದು ಯಾವ ಪ್ರೋಗ್ರಾಮಿಂಗ್ ಜ್ಞಾನವೂ ಬೇಡದ, ವಿದ್ಯಾರ್ಥಿಗಳು ಕೂಡ ಮಾಡಬಹುದಾದ ಕೆಲಸ.

ಸರ್ವರಿನ ಮೇಲಿನ ಹೊರೆ

ಪುಟದಲ್ಲಿ ಪ್ರಶ್ನೆ ಬರೆದಿಡುವುದು ಸುಲಭ. ಅದಕ್ಕೆ ಉತ್ತರಿಸುವ ಡೇಟಾಬೇಸ್‌ಗೆ ಎಷ್ಟು ಶ್ರಮವಾಗುತ್ತದೆ ಎಂಬುದು ಪುಟ ಬರೆದವರ ಕಣ್ಣಿಗೆ ಬೀಳುವುದಿಲ್ಲ. ಒಂದು ಸಣ್ಣ ಲೆಕ್ಕ ಹಾಕೋಣ. ಪ್ರಶ್ನೆಯೊಂದಕ್ಕೆ 5 ಸೆಕೆಂಡು ಬೇಕು. ತಂಡದ 40 ಮಂದಿ ದಿನಕ್ಕೆ ಹತ್ತು ಸಲ ಪುಟ ತೆರೆಯುತ್ತಾರೆ. ನೇರ ದಾರಿಯಲ್ಲಿ ಪ್ರಶ್ನೆ 400 ಸಲ ಓಡುತ್ತದೆ, ಡೇಟಾಬೇಸ್ 2,000 ಸೆಕೆಂಡು ದುಡಿಯುತ್ತದೆ. ಅದೇ ಉತ್ತರವನ್ನು 15 ನಿಮಿಷ ಎತ್ತಿಟ್ಟುಕೊಂಡರೆ ದಿನಕ್ಕೆ ಹೆಚ್ಚೆಂದರೆ 96 ಸಲ, ಅಂದರೆ 480 ಸೆಕೆಂಡು ಸಾಕು. ನೋಡುವವರು 40ರಿಂದ 400 ಆದರೂ ಇದು 480ನ್ನು ಮೀರುವುದಿಲ್ಲ.

ಈ ಎಚ್ಚರ ತಪ್ಪಿದರೆ ಏನಾಗಬಹುದು ಎಂಬುದಕ್ಕೆ ವಿಕಿಮೀಡಿಯ ತಾಣಗಳಲ್ಲಿಯೇ ಸಾಕ್ಷ್ಯವಿದೆ. ಡೈನಮಿಕ್ ಪೇಜ್ ಲಿಸ್ಟ್ ಎಂಬ ವಿಸ್ತರಣೆ ‘ಈ ವರ್ಗಗಳಲ್ಲಿರುವ ಹೊಸ ಪುಟಗಳು’ ಎಂಬಂಥ ಪಟ್ಟಿಯನ್ನು ವಿಕಿ ಪುಟದಲ್ಲಿ ತೋರಿಸುತ್ತಿತ್ತು. ಪುಟಗಳು ಸಾವಿರಗಳಲ್ಲಿರುವವರೆಗೆ ಅದು ಚೆನ್ನಾಗಿಯೇ ನಡೆಯಿತು. ರಷ್ಯನ್ ಭಾಷೆಯ ವಿಕಿನ್ಯೂಸ್‌ನಲ್ಲಿ ಬಾಟ್ ಮೂಲಕ ಭಾರಿ ಸಂಖ್ಯೆಯಲ್ಲಿ ಪುಟಗಳು ಸೇರಿದಾಗ ಅದೇ ಪ್ರಶ್ನೆಗಳು ಬಹಳ ನಿಧಾನವಾದವು. 2021ರ ಜುಲೈ 26ರಂದು ಇಂಥ ನಿಧಾನದ ಪ್ರಶ್ನೆಗಳು ಒಂದರ ಹಿಂದೊಂದು ನಿಂತು, ಅದೇ ವ್ಯವಸ್ಥೆಯನ್ನು ಹಂಚಿಕೊಂಡಿದ್ದ ಇತರ ವಿಕಿಗಳಿಗೂ ಕೆಲಕಾಲ ಅಡಚಣೆಯಾಯಿತು. ಬಳಿಕ ಆ ವಿಕಿಯಲ್ಲಿ ವಿಸ್ತರಣೆಯನ್ನೇ ತೆಗೆದುಹಾಕಲಾಯಿತು. ಪ್ರಶ್ನೆ ಬದಲಾಗದಿದ್ದರೂ ಮಾಹಿತಿಯ ಗಾತ್ರ ಬೆಳೆದಂತೆ ಅದರ ಖರ್ಚು ಬೆಳೆಯುತ್ತದೆ. ಆದ್ದರಿಂದ ಪ್ರತಿಯೊಂದು ಪ್ರಶ್ನೆಗೂ ಕಾಲಮಿತಿ, ಸಾಲುಗಳ ಮಿತಿ ಎರಡೂ ಇರಬೇಕು. ವಿಕಿಡೇಟಾದ ಸಾರ್ವಜನಿಕ ಪ್ರಶ್ನಾ ಸೇವೆ 60 ಸೆಕೆಂಡಿಗಿಂತ ಹೆಚ್ಚು ಕಾಲ ತಿನ್ನುವ ಪ್ರಶ್ನೆಯನ್ನು ನಿಲ್ಲಿಸಿಬಿಡುತ್ತದೆ.

ಪ್ರಶ್ನೆ ಯಾರ ಅಧಿಕಾರದಲ್ಲಿ?

ವಿಕಿಡೇಟಾದ ಮಾಹಿತಿ ಎಲ್ಲರಿಗೂ ತೆರೆದದ್ದು. ತಂಡದ ಡೇಟಾಬೇಸ್ ಹಾಗಲ್ಲ. ಆದ್ದರಿಂದ ನೀರಿನ ತಂಡದ ಉದಾಹರಣೆಗೇ ಮರಳೋಣ. ಅವರ ಡೇಟಾಬೇಸ್‌ನಲ್ಲಿ ಮಾದರಿ ಕೊಟ್ಟ ಮನೆಯವರ ಹೆಸರು, ದೂರವಾಣಿ ಸಂಖ್ಯೆಗಳೂ ಇರಬಹುದು.

ವಿಕಿ ಸರ್ವರ್ ಡೇಟಾಬೇಸ್‌ಗೆ ಹೋಗುವುದು ಸಾಮಾನ್ಯವಾಗಿ ಒಂದೇ ಖಾತೆಯ ಹೆಸರಿನಲ್ಲಿ. ಪುಟ ನೋಡುವವರು ಯಾರೇ ಆಗಿರಲಿ, ಆ ಖಾತೆಗೆ ಕಾಣುವುದೆಲ್ಲ ಅವರಿಗೂ ಕಾಣಬಹುದು. ಅಷ್ಟೇ ಅಲ್ಲ, ವಿಕಿ ಪುಟವನ್ನು ತಂಡದ ಯಾರಾದರೂ ತಿದ್ದಬಹುದು ಎಂದ ಮೇಲೆ ಅದರೊಳಗಿನ ಪ್ರಶ್ನೆಯನ್ನೂ ತಿದ್ದಬಹುದು. ‘ಸೆಲೆಕ್ಟ್’ ಇದ್ದ ಜಾಗದಲ್ಲಿ ಅಳಿಸುವ ಆಜ್ಞೆಯನ್ನು ಬರೆದರೆ? ಖಾತೆಗೆ ಅಳಿಸುವ ಅಧಿಕಾರವಿದ್ದರೆ ಡೇಟಾಬೇಸ್ ಅದನ್ನೂ ಪಾಲಿಸುತ್ತದೆ.

ಇದಕ್ಕೆ ಮಾಡಬೇಕಾದದ್ದು ಇಷ್ಟು. ವಿಕಿಗಾಗಿ ಓದಲು ಮಾತ್ರ ಅಧಿಕಾರವಿರುವ ಪ್ರತ್ಯೇಕ ಖಾತೆ ತೆರೆಯಬೇಕು. ಆ ಖಾತೆಗೆ ಮೂಲ ಕೋಷ್ಟಕಗಳನ್ನು ತೋರಿಸದೆ, ಊರು, ಬಾವಿ, ದಿನಾಂಕ, ಫ್ಲೋರೈಡ್ ಇಷ್ಟೇ ಇರುವ ‘ವ್ಯೂ’ ಎಂಬ ನೋಟವನ್ನು ಮಾತ್ರ ತೆರೆದಿಡಬೇಕು. ಆಗ ಪ್ರಶ್ನೆಯನ್ನು ಯಾರು ಹೇಗೆ ತಿರುಚಿದರೂ ದೂರವಾಣಿ ಸಂಖ್ಯೆ ಹೊರಬೀಳುವುದಿಲ್ಲ. ಖಾತೆಯ ಪಾಸ್‌ವರ್ಡ್ ಸರ್ವರಿನ ಸಂರಚನಾ ಕಡತದಲ್ಲಿರಬೇಕು, ಎಂದೂ ವಿಕಿ ಪುಟದಲ್ಲಿರಬಾರದು. ಪುಟದಿಂದ ಅಳಿಸಿದ ಮಾತ್ರಕ್ಕೆ ಅದು ಹೋಗುವುದಿಲ್ಲ. ವಿಕಿಯ ನೆನಪು ದೀರ್ಘ, ಪುಟದ ಇತಿಹಾಸದಲ್ಲಿ ಅದು ಉಳಿದೇ ಇರುತ್ತದೆ. ಅಂಥ ಸಂದರ್ಭದಲ್ಲಿ ಪಾಸ್‌ವರ್ಡನ್ನೇ ಬದಲಾಯಿಸಬೇಕು.

ಓದುಗರೇ ಊರಿನ ಹೆಸರನ್ನು ತುಂಬುವ ಚೌಕವನ್ನು ಪುಟದಲ್ಲಿಟ್ಟರೆ ಇನ್ನೊಂದು ಅಪಾಯ. ತುಂಬಿದ ಅಕ್ಷರಗಳನ್ನು ಹಾಗೆಯೇ ಪ್ರಶ್ನೆಗೆ ಅಂಟಿಸಿದರೆ, ಊರಿನ ಹೆಸರಿನ ವೇಷದಲ್ಲಿ ಬೇರೊಂದು ಆಜ್ಞೆ ಒಳನುಗ್ಗಬಹುದು. ಎಸ್‌ಕ್ಯೂಎಲ್ ಇಂಜೆಕ್ಷನ್ ಎಂದು ಕರೆಯುವ ಈ ದಾಳಿ ಬಹಳ ಹಳೆಯದು, ಇಂದಿಗೂ ನಡೆಯುತ್ತಿರುವಂಥದ್ದು. ಪ್ರಶ್ನೆಯನ್ನು ಮೊದಲೇ ಸಿದ್ಧಪಡಿಸಿ, ತುಂಬಿದ್ದನ್ನು ಬರಿಯ ಮೌಲ್ಯವಾಗಿ ಪ್ರತ್ಯೇಕವಾಗಿ ಕಳುಹಿಸುವುದೇ ಇದಕ್ಕೆ ಸರಿಯಾದ ತಡೆ. ಹಿಂದಿರುಗಿ ಬಂದ ಉತ್ತರವನ್ನೂ ಹಾಗೇ ನಂಬಬಾರದು. ಮಾಹಿತಿಯಲ್ಲಿ ಲಂಬ ಗೆರೆಯ ಚಿಹ್ನೆ ಇದ್ದರೆ ವಿಕಿ ಅದನ್ನು ಕೋಷ್ಟಕದ ಹೊಸ ಕೋಣೆ ಎಂದು ಭಾವಿಸಿ ಸಾಲುಗಳನ್ನು ಕೆಡಿಸುತ್ತದೆ; ಪ್ರೋಗ್ರಾಂ ತುಣುಕು ಇದ್ದರೆ ಅದು ಓದುಗರ ಬ್ರೌಸರ್‌ನಲ್ಲಿ ಓಡಲೂಬಹುದು. ಉತ್ತರವನ್ನು ಬರಿಯ ಅಕ್ಷರಗಳಾಗಿ ತೋರಿಸುವ ವ್ಯವಸ್ಥೆ ಇರಬೇಕು.

ಪಟ್ಟಿಯಲ್ಲಿ ಇಲ್ಲದ ಸಾಲುಗಳು

ಇಷ್ಟೆಲ್ಲ ಸರಿಯಿದ್ದರೂ ಉಳಿಯುವ ಒಂದು ತೊಡಕು ಎಲ್ಲಕ್ಕಿಂತ ಸೂಕ್ಷ್ಮವಾದದ್ದು. ನಮ್ಮ ಪ್ರಶ್ನೆಯನ್ನು ಮತ್ತೊಮ್ಮೆ ನೋಡಿ: ಫ್ಲೋರೈಡ್ 1.5ಕ್ಕಿಂತ ಹೆಚ್ಚು. ಮಾದರಿ ತಂದಿದ್ದಾರೆ, ಪರೀಕ್ಷೆ ಇನ್ನೂ ಆಗಿಲ್ಲ ಎನ್ನಿ. ಆ ಕೋಣೆ ಖಾಲಿ ಇರುತ್ತದೆ. ಡೇಟಾಬೇಸ್ ಭಾಷೆಯಲ್ಲಿ ಇದಕ್ಕೆ ನಲ್ ಎನ್ನುತ್ತಾರೆ. ನಲ್ ಎಂದರೆ ಸೊನ್ನೆಯಲ್ಲ, ‘ಗೊತ್ತಿಲ್ಲ’. ಗೊತ್ತಿಲ್ಲದ್ದು 1.5ಕ್ಕಿಂತ ಹೆಚ್ಚೇ ಎಂದು ಕೇಳಿದರೆ ಉತ್ತರ ಹೌದೂ ಅಲ್ಲ, ಅಲ್ಲ ಎಂದೂ ಅಲ್ಲ, ಅದೂ ‘ಗೊತ್ತಿಲ್ಲ’. ಎಸ್‌ಕ್ಯೂಎಲ್ ಅಂಥ ಸಾಲನ್ನು ಕೈಬಿಡುತ್ತದೆ. ‘1.5 ಅಥವಾ ಅದಕ್ಕಿಂತ ಕಡಿಮೆ’ ಎಂಬ ಪಟ್ಟಿಯಲ್ಲಿಯೂ ಅದು ಬರುವುದಿಲ್ಲ. ಹೀಗೆ ಪರೀಕ್ಷೆಯಾಗದ ಬಾವಿ ಅಪಾಯದ ಪಟ್ಟಿಯಲ್ಲಿಯೂ ಇಲ್ಲ, ಸುರಕ್ಷಿತ ಪಟ್ಟಿಯಲ್ಲಿಯೂ ಇಲ್ಲ. ಪುಟ ಓದುವವರಿಗೆ ಅಂಥ ಬಾವಿ ಇದೆ ಎಂಬುದೇ ತಿಳಿಯದು. ಆದ್ದರಿಂದ ‘ಪರೀಕ್ಷೆ ಬಾಕಿ’ ಎಂಬ ಮೂರನೆಯ ಪಟ್ಟಿಯನ್ನು ಅದೇ ಪುಟದಲ್ಲಿ ಇಡಲೇಬೇಕು. ಹಾಗೆಯೇ ಒಂದು ಬಾವಿಯನ್ನು ಹಲವು ಸಲ ಪರೀಕ್ಷಿಸಿದ್ದರೆ ಹಳೆಯ ಫಲಿತಾಂಶಗಳೂ ಪಟ್ಟಿಗೆ ಬರುತ್ತವೆ. ಪ್ರತಿ ಬಾವಿಯ ಕೊನೆಯ ಫಲಿತಾಂಶವನ್ನಷ್ಟೇ ತರುವಂತೆ ಪ್ರಶ್ನೆಯನ್ನು ಬಿಗಿಗೊಳಿಸಬೇಕು.

ವಿಮೆನ್ ಇನ್ ರೆಡ್ ಪಟ್ಟಿಗಳಿಗೂ ಇದೇ ಮಿತಿಯಿದೆ. ವಿಕಿಡೇಟಾದಲ್ಲಿ ಐಟಂ ಇಲ್ಲದ ಮಹಿಳೆ ಯಾವ ಪಟ್ಟಿಯಲ್ಲಿಯೂ ಬರಲಾರಳು. ಐಟಂ ಇದ್ದು ವೃತ್ತಿ ದಾಖಲಾಗಿಲ್ಲದಿದ್ದರೆ ವೃತ್ತಿವಾರು ಪಟ್ಟಿಯಲ್ಲಿ ಬಾರಳು. ಇದನ್ನು ಅರಿತೇ ಆ ತಂಡ ಪುಸ್ತಕ, ಪತ್ರಿಕೆ, ಕೋಶಗಳಿಂದ ಜನರೇ ಸಂಗ್ರಹಿಸಿದ ಪಟ್ಟಿಗಳನ್ನೂ ಬಾಟ್ ಪಟ್ಟಿಗಳ ಜೊತೆಯಲ್ಲಿ ಉಳಿಸಿಕೊಂಡಿದೆ.

ಮೂಲ ಡೇಟಾಬೇಸ್ ಬದಲಾದಾಗಲೂ ಸಾಲುಗಳು ಸದ್ದಿಲ್ಲದೆ ಮಾಯವಾಗಬಹುದು. ವಿಕಿಡೇಟಾದ ಪ್ರಶ್ನಾ ಸೇವೆ ತುಂಬಾ ದೊಡ್ಡದಾಗಿ ಬೆಳೆದುದರಿಂದ 2025ರಲ್ಲಿ ವಿದ್ವತ್ ಪ್ರಬಂಧಗಳ ಭಾಗವನ್ನು ಬೇರ್ಪಡಿಸಲಾಯಿತು. ಸಂಶೋಧನಾ ಪ್ರಬಂಧಗಳನ್ನು ಕೇಳುವ ಹಳೆಯ ಪ್ರಶ್ನೆಗಳನ್ನು ತಿದ್ದದಿದ್ದರೆ ಅವು ಈಗ ಮೊದಲಿನ ಉತ್ತರ ಕೊಡುವುದಿಲ್ಲ. ಪ್ರಶ್ನೆ ಹಳತಾಗುವುದಿಲ್ಲ ಎಂದು ಮೇಲೆ ಹೇಳಿದ ಮಾತಿಗೆ ಇದು ತಿದ್ದುಪಡಿ: ಮಾಹಿತಿ ಬದಲಾದರೆ ಪ್ರಶ್ನೆ ಹಳತಾಗದು, ಮಾಹಿತಿಯನ್ನು ಜೋಡಿಸಿದ ರೀತಿ ಬದಲಾದರೆ ಹಳತಾಗುತ್ತದೆ.

ನಿಮ್ಮ ತಂಡದಲ್ಲಿ ಆರಂಭಿಸುವುದಾದರೆ

ನಿಮ್ಮ ಕಚೇರಿ ಅಥವಾ ಕಾಲೇಜಿನಲ್ಲಿ ಇದನ್ನು ಅಳವಡಿಸುವ ಉದ್ದೇಶವಿದ್ದರೆ ಒಂದೇ ಒಂದು ಪಟ್ಟಿಯಿಂದ ಆರಂಭಿಸಿ. ತಂಡ ವಾರಕ್ಕೊಮ್ಮೆಯಾದರೂ ನೋಡುವ, ಈಗ ಕೈಯಿಂದ ನಕಲು ಮಾಡುತ್ತಿರುವ ಪಟ್ಟಿ ಅದಾಗಿರಲಿ. ಪ್ರಶ್ನೆಯನ್ನು ಮೊದಲು ಡೇಟಾಬೇಸ್‌ನಲ್ಲಿಯೇ ಓಡಿಸಿ, ಸಾಲುಗಳನ್ನು ಎಣಿಸಿ, ಕೈಯಲ್ಲಿ ಮಾಡಿದ ಪಟ್ಟಿಯೊಂದಿಗೆ ತಾಳೆ ನೋಡಿ. ವ್ಯತ್ಯಾಸ ಕಂಡರೆ ಕಾರಣ ತಿಳಿಯುವವರೆಗೆ ಪುಟಕ್ಕೆ ಹಾಕಬೇಡಿ. ಅನಂತರ ಪಟ್ಟಿ ಎಷ್ಟು ತಾಜಾ ಇರಬೇಕು ಎಂದು ತೀರ್ಮಾನಿಸಿ. ದಿನಕ್ಕೊಮ್ಮೆ ಬದಲಾಗುವ ಮಾಹಿತಿಗೆ ನಿಮಿಷಕ್ಕೊಮ್ಮೆ ಕೇಳುವ ಪ್ರಶ್ನೆ ವ್ಯರ್ಥ.

ಪುಟದಲ್ಲಿ ಕೋಷ್ಟಕದ ಜೊತೆಗೆ ಮೂರು ಸಂಗತಿಗಳು ಕಾಣುವಂತಿರಲಿ. ಒಂದು, ಉತ್ತರ ಬಂದ ದಿನಾಂಕ ಮತ್ತು ವೇಳೆ. ಎರಡು, ಪ್ರಶ್ನೆ ಏನೆಂಬುದರ ಸರಳ ಕನ್ನಡ ವಿವರಣೆ. ‘ಪ್ರತಿ ಬಾವಿಯ ಕೊನೆಯ ಫಲಿತಾಂಶ 1.5ಕ್ಕಿಂತ ಹೆಚ್ಚಿರುವವು’ ಎಂಬಂತೆ. ಮೂರು, ತಪ್ಪು ಕಂಡರೆ ಮೂಲ ಡೇಟಾಬೇಸ್‌ನಲ್ಲಿ ತಿದ್ದುವವರು ಯಾರು ಎಂಬುದು. ಡೇಟಾಬೇಸ್ ಸಂಪರ್ಕ ತಪ್ಪಿದಾಗ ಪುಟ ಖಾಲಿ ಕೋಷ್ಟಕ ತೋರಿಸಬಾರದು. ‘ಉತ್ತರ ದೊರೆಯಲಿಲ್ಲ’ ಎಂದು ಸ್ಪಷ್ಟವಾಗಿ ಹೇಳಬೇಕು. ಖಾಲಿ ಕೋಷ್ಟಕವನ್ನು ನೋಡಿದವರು ‘ಮಿತಿ ಮೀರಿದ ಬಾವಿ ಒಂದೂ ಇಲ್ಲ’ ಎಂದೇ ಓದಿಕೊಳ್ಳುತ್ತಾರೆ. ಪ್ರಶ್ನೆಗೆ ಉತ್ತರ ‘ಇಲ್ಲ’ ಎಂಬುದಕ್ಕೂ, ಉತ್ತರವೇ ಇಲ್ಲ ಎಂಬುದಕ್ಕೂ ಇರುವ ಅಂತರ ಕುಡಿಯುವ ನೀರಿನ ವಿಷಯದಲ್ಲಿ ಎಷ್ಟು ದೊಡ್ಡದೆಂದು ಬೇರೆ ಹೇಳಬೇಕಾಗಿಲ್ಲ.